ಹಿತ್ತಲ ಗುಂಡಿ, ತಾತನ ಎಡೆ

ಬೆಳಗಾಗೆದ್ದು ಸಗಣಿ ಮುಟ್ಟುವುದು ನಮ್ಮ ಮನೆಯ ಹೆಂಗಸರ ಮೊದಲ ಕೆಲಸ. ಅಜ್ಜಿ ಕೊಟ್ಟಿಗೆಯಿಂದ ಒಂದು ಉಂಡೆ ತಂದು, ನೀರಿನಲ್ಲಿ ಕದಡಿ, ಬಾಗಿಲ ಮುಂದೆ ಚಿಮುಕಿಸುವಳು. ಅದರ ಮೇಲೆ ಅಮ್ಮ ರಂಗೋಲಿ ಎಳೆಯುವಳು. ಹಬ್ಬದ ದಿನ ಅದೇ ಸಗಣಿಯನ್ನು ಪುಟ್ಟ ಗೋಪುರದಂತೆ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಬೆನವಪ್ಪ ಎಂದು ಕೈಮುಗಿಯುತ್ತಿದ್ದೆವು. ಆದರೆ ನಾನು ಸಗಣಿ ಮೆಟ್ಟಿದ ಕಾಲಲ್ಲಿ ಒಳಗೆ ಬಂದರೆ ಅಜ್ಜಿ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಕೈಯಲ್ಲಿದ್ದರೆ ದೇವರು, ಕಾಲಲ್ಲಿದ್ದರೆ ಹೊಲಸು. ಕೋಳಿಯದು ಎಲ್ಲಿದ್ದರೂ ಹೊಲಸು. ಕುರಿ ಹಿಕ್ಕೆ ಹೊಲಸಲ್ಲ, ಆದರೆ ದೇವರೂ ಅಲ್ಲ. ರೇಷ್ಮೆ ಹುಳದ ಹಿಕ್ಕೆಯನ್ನು ಬರಿಗೈಯಲ್ಲಿ ಬಾಚಬಹುದಿತ್ತು, ಆದರೆ ಹುಳು ಸಾಕುವ ಪಡಸಾಲೆಗೆ ಕಾಲಿಡಬೇಕಾದರೆ ಮಾತ್ರ ನಾವು ಕಾಲು ತೊಳೆದುಕೊಂಡೇ ಹೋಗಬೇಕಿತ್ತು. ಒಂಬತ್ತು ವರ್ಷದ ನನಗೆ ಇದೆಲ್ಲ ಮಗ್ಗಿಯಂತೆ ಬಾಯಿಗೆ ಬರುತ್ತಿತ್ತು. ಏಕೆ ಹಾಗೆ ಎಂದು ಕೇಳಿದರೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ.

ಬೈರಾಪಟ್ಟಣದಿಂದ ಎರಡು ಮೈಲಿ ಒಳಗಿತ್ತು ನಮ್ಮ ಊರು. ಮನೆಯ ಮುಂದಿನ ದೊಡ್ಡ ಪಡಸಾಲೆ ಹುಳುಗಳಿಗೆ ಸೇರಿದ್ದು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಅಟ್ಟಣೆಯ ಕೆಳಗೆ ನಾವು ಚಾಪೆ ಹಾಸಿ ಮಲಗುತ್ತಿದ್ದೆವು. ಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಪಕ್ಕಕ್ಕೆ, ಒಂದೇ ಸೂರಿನಡಿ, ಎರಡು ಹಸುಗಳ ಕೊಟ್ಟಿಗೆ. ಹಿಂದೆ ಕತ್ತಲೆಯ ಅಡುಗೆಮನೆ. ಅದರ ಬಾಗಿಲು ತೆರೆದರೆ ಹಿತ್ತಲು. ಹಿತ್ತಲಲ್ಲಿ ಅಜ್ಜಿಯ ತಿಪ್ಪೆ, ಅಜ್ಜಿಯ ಬೆರಣಿ ತಟ್ಟಿದ ಗೋಡೆ, ಮುಳ್ಳುಬೇಲಿ ಕಟ್ಟಿದ ಅಜ್ಜಿಯ ಕುರಿದೊಡ್ಡಿ. ಹನ್ನೊಂದು ಕುರಿ. ತಾತ ಸತ್ತಾಗ ಅಪ್ಪನಿಗೆ ಹೊಲ ಬಂತು, ಅಜ್ಜಿಗೆ ಕುರಿ ಬಂದವು. ಕುರಿಗಳ ವಿಷಯದಲ್ಲಿ ಅವಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಆ ಮನೆಯಲ್ಲಿ ಏನೂ ಹಾಳಾಗುತ್ತಿರಲಿಲ್ಲ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಕುರಿಗೆ ಹಾಕುವುದು. ಕುರಿ ಸಿಪ್ಪೆ ಕೆರೆದು ಬಿಟ್ಟ ಕಡ್ಡಿ ಒಲೆಗೆ. ಒಲೆಯ ಬೂದಿ ಪಾತ್ರೆಗೆ, ಉಳಿದದ್ದು ಅವರೆ ಬಳ್ಳಿಯ ಬುಡಕ್ಕೆ. ಸಗಣಿಯಲ್ಲಿ ಅರ್ಧ ಬೆರಣಿಗೆ, ಅರ್ಧ ತಿಪ್ಪೆಗೆ. ತಿಪ್ಪೆ ರಾಗಿ ಹೊಲಕ್ಕೆ, ರಾಗಿ ನಮಗೆ, ರಾಗಿ ಹುಲ್ಲು ಹಸುಗಳಿಗೆ. ಈ ದಾರಿಯೆಲ್ಲ ಅಜ್ಜಿಗೆ ಅವಳ ಅತ್ತೆ ಹೇಳಿಕೊಟ್ಟದ್ದು. ಹಾಗಾಗಿ ಅಪ್ಪ ಒಂದು ದಿನ ಬೈರಾಪಟ್ಟಣದಲ್ಲಿ ಯಾರದೋ ಮನೆಯಲ್ಲಿ ಗೋಬರ್ ಗ್ಯಾಸಿನ ಒಲೆ ನೋಡಿಕೊಂಡು ಬಂದು, ಇನ್ನು ಮೇಲೆ ಸಗಣಿ ಎಲ್ಲ ಗುಂಡಿಗೆ, ಏನೂ ಹಾಳಾಗಬಾರದು ಎಂದಾಗ ಅಜ್ಜಿಗೆ ಕೆಣಕಿದಂತಾಯಿತು.

"ನಮ್ಮನೇಲಿ ಏನ್ಲಾ ಹಾಳಾಯ್ತಾ ಐತೆ? ತೋರ್ಸು, ನೋಡಾನ," ಎಂದಳು.

"ಹಾಳಾಯ್ತದೆ ಅಂತಲ್ಲ ಕಣವ್ವ. ಸಗಣೀಲಿ ಗ್ಯಾಸ್ ಐತೆ. ಅದ್ನ ಒಲೆಗೆ ತಕ್ಕಂಡು, ಉಳಿದ ಬಗ್ಗಡಾನ ಹೊಲಕ್ಕೆ ಹಾಕ್ಬೋದು. ಎರಡು ಸಲ ಉಪಯೋಗ."

"ಹಸ ಒಂದ್ಸಲ ಕೊಟ್ಟಿದ್ದು ಎರಡ್ಸಲ ಕೊಟ್ಟಂಗೆ ಆಯ್ತದಾ? ಹೊಟ್ಟೇಲಿರೋ ಗಾಳೀಲಿ ಅನ್ನ ಬೇಯಿಸ್ತಾನಂತೆ!"

ಅಪ್ಪನೂ ಏನೂ ಹಾಳಾಗಬಾರದು ಎನ್ನುತ್ತಿದ್ದ, ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಇಬ್ಬರೂ ಒಂದೇ ಮಾತು ಹೇಳಿ ಹೇಗೆ ಜಗಳವಾಡುತ್ತಾರೆ ಎಂದು ನನಗೆ ತಿಳಿಯದೆ, ಒಮ್ಮೆ ಇವನ ಮುಖ, ಒಮ್ಮೆ ಅವಳ ಮುಖ ನೋಡುತ್ತ ಕೂತಿದ್ದೆ. ಗುಂಡಿ ತೋಡಲು ಇದ್ದ ಜಾಗ ತಿಪ್ಪೆಯದೊಂದೇ. ತಿಪ್ಪೆ ಲಕ್ಷ್ಮಿ, ಅದನ್ನು ಎತ್ತಿದರೆ ಮನೆ ನಿಲ್ಲುವುದಿಲ್ಲ ಎಂದು ಅಜ್ಜಿ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ತಾನೇ ಅರಿಸಿನ ಕುಂಕುಮ ಹಾಕಿ, ಮೂಲೆಯಿಂದ ಒಂದು ಮಂಕರಿ ಗೊಬ್ಬರ ಎತ್ತಿ ಬೇಲಿಯ ಬದಿಗೆ ಹಾಕಿ, ಲಕ್ಷ್ಮಿ ಇನ್ನು ಇಲ್ಲಿದ್ದಾಳೆ, ನೀವು ಅಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ ಎಂದಳು.

ಗುಂಡಿ ಕಟ್ಟಿದ ಮೇಸ್ತ್ರಿ ಮಾಗಡಿ ಕಡೆಯವನು. ಇಟ್ಟಿಗೆಯಲ್ಲಿ ಕವುಚಿ ಹಾಕಿದ ಬುಟ್ಟಿಯಂತೆ ಗುಮ್ಮಟ ಎಬ್ಬಿಸಿ, ಅದರ ಮೇಲೆ ಮಣ್ಣು ಮುಚ್ಚಿದ. ಒಂದು ಕಡೆ ಸಗಣಿ ಕಲಸಿ ಬಿಡುವ ತೊಟ್ಟಿ, ಇನ್ನೊಂದು ಕಡೆ ಬಗ್ಗಡ ಉಕ್ಕಿ ಬರುವ ತೊಟ್ಟಿ. ನಡುವೆ ಏನು ನಡೆಯುತ್ತದೆ ಎಂದು ನಾನು ಕೇಳಿದ್ದಕ್ಕೆ ಅವನು, "ಇದೂ ಒಂದು ಹೊಟ್ಟೆ ಕಣವ್ವ. ನಿನ್ನ ಹೊಟ್ಟೆಗೆ ಹಾಕ್ದಂಗೆ ದಿನಾ ಹೊತ್ತಿಗೆ ಸರಿಯಾಗಿ ಹಾಕ್ಬೇಕು," ಎಂದ. ಮೊದಲು ಆ ಹೊಟ್ಟೆ ತುಂಬಿಸಲು ಅಪ್ಪ ಊರಿನ ಕೊಟ್ಟಿಗೆಗಳನ್ನೆಲ್ಲ ಸುತ್ತಿ ಗಾಡಿಗಟ್ಟಲೆ ಸಗಣಿ ಬೇಡಿ ತಂದ. ಹಲವು ವಾರ ಏನೂ ಆಗಲಿಲ್ಲ. ಆಮೇಲೆ ಗ್ಯಾಸು ಬಂತು ಎಂದರು, ಕಡ್ಡಿ ಗೀರಿದರೆ ಹತ್ತಲಿಲ್ಲ. ಮೊದಲ ಗಾಳಿ ಹೀಗೇ ಇರುತ್ತದೆ, ಹೊರಗೆ ಬಿಡಬೇಕು ಎಂದು ಮೇಸ್ತ್ರಿ ಹೇಳಿದ. ಅಜ್ಜಿ ಕುರಿದೊಡ್ಡಿಯಲ್ಲಿ ನಿಂತು ಸೆರಗು ಬಾಯಿಗಿಟ್ಟು ನಗುತ್ತಿದ್ದುದು ನನಗೆ ಕಂಡಿತು. ಕೊನೆಗೊಂದು ಮಧ್ಯಾಹ್ನ ಒಲೆ ಸುಯ್ ಎಂದಿತು. ಹಗಲು ಬೆಳಕಿನಲ್ಲಿ ಬೆಂಕಿ ಕಾಣಲಿಲ್ಲ. ಅಮ್ಮ ನನ್ನ ನೋಟ್‌ಬುಕ್ಕಿನ ಹಾಳೆ ಹರಿದು ಹತ್ತಿರ ಹಿಡಿದಳು. ಅದು ಭುಗ್ಗೆಂದು ಹತ್ತಿದಾಗ ಅಮ್ಮನ ಕಣ್ಣಲ್ಲಿ ನೀರು ಬಂತು. ಹೊಗೆಯಿಲ್ಲದೆ ಒಲೆಯ ಮುಂದೆ ಅಮ್ಮ ಅತ್ತದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

"ಅತ್ತೆ, ಒಸಿ ಟೀ ಕುಡೀರಿ," ಎಂದು ಅಮ್ಮ ಮೊದಲ ಲೋಟ ಅಜ್ಜಿಗೆ ಕೊಟ್ಟಳು.

"ಸಗಣಿ ಗಾಳೀಲಿ ಕಾಯ್ಸಿದ್ದು ನಾನು ಮುಟ್ಟಾಕಿಲ್ಲ ಕಣಮ್ಮಿ. ನೀವು ಕುಡ್ಕಳ್ಳಿ."

ಬೆರಣಿಯ ಬೆಂಕಿಯಲ್ಲಿ ಹಾಲು ಕಾಯಿಸಿ ಕುಡಿಯುವವಳು, ಸಗಣಿ ಗಾಳಿ ಬೇಡ ಎಂದಳು. ನಾನು ಬಾಯಿ ತೆರೆದೆ. ಅಮ್ಮ ನನ್ನ ತೊಡೆ ಚಿವುಟಿದಳು.

ಆವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಅಡುಗೆಯಾಯಿತು. ಒಳಗೆ ಅಮ್ಮನ ಗ್ಯಾಸು, ಹಿತ್ತಲ ಮಾಡಿನಲ್ಲಿ ಅಜ್ಜಿಯ ಸೌದೆ ಒಲೆ. ನಾನು ಎರಡು ಕಡೆಯೂ ಉಣ್ಣುತ್ತಿದ್ದೆ. ಅಜ್ಜಿ ಹಿಟ್ಟಿನ ಕೋಲು ತಿರುವಿ ಮುದ್ದೆ ಕಟ್ಟಿ, ಉಪ್ಸಾರಿನ ಖಾರ ಹಚ್ಚಿ, "ಯಾರ ಹಿಟ್ಟು ರುಚಿ ಐತೆ ಯೋಳು," ಎನ್ನುವಳು. ನಿನ್ನದೇ ಅಜ್ಜಿ ಎನ್ನುತ್ತಿದ್ದೆ. ಒಳಗೆ ಅಮ್ಮ ಕೇಳದಿದ್ದರೂ ನಾನೇ ಹೋಗಿ, ನಿನ್ನದರಲ್ಲಿ ಹೊಗೆ ವಾಸನೆಯೇ ಇಲ್ಲ ಎಂದು ಹೇಳಿ ಬರುತ್ತಿದ್ದೆ. ಎರಡೂ ಸುಳ್ಳಾಗಿರಲಿಲ್ಲ. ಆದರೂ ಎರಡೂ ಕಡೆ ತಪ್ಪು ಮಾಡಿ ಬಂದವಳಂತೆ ಇರುತ್ತಿದ್ದೆ, ಹೊಟ್ಟೆಯೂ ಭಾರವಾಗಿರುತ್ತಿತ್ತು.

ಚಳಿ ಬಂದ ಮೇಲೆ ಗ್ಯಾಸು ಸೊರಗಿತು. ಎರಡು ಹಸುಗಳ ಸಗಣಿ ಆ ಹೊಟ್ಟೆಗೆ ಸಾಲುತ್ತಿರಲಿಲ್ಲ. ಬೇಳೆ ಅರ್ಧ ಬೆಂದಾಗ ಬೆಂಕಿ ಕುಗ್ಗಿ ಆರುತ್ತಿತ್ತು. ಕುರಿ ಹಿಕ್ಕೆ ಕೊಡು ಎಂದು ಅಪ್ಪ ಕೇಳಿದ. ಅದು ನನ್ನ ರಾಗಿಗೆ, ನಿನ್ನ ಗುಂಡಿಗಲ್ಲ ಎಂದು ಅಜ್ಜಿ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ಹುಳದ ಹಿಕ್ಕೆಯನ್ನೂ, ಉಳಿದ ಸೊಪ್ಪನ್ನೂ, ಎಳೆ ಕಡ್ಡಿಯನ್ನೂ ಮಂಕರಿಗಟ್ಟಲೆ ತುರುಕಿದ. ನಾಲ್ಕು ದಿನಕ್ಕೆ ಹಿತ್ತಲೆಲ್ಲ ಹುಳಿ ನಾತ. ಗ್ಯಾಸು ಪೂರಾ ನಿಂತಿತು. ಮೇಸ್ತ್ರಿ ಬಂದು ತೊಟ್ಟಿಯಲ್ಲಿ ಕೋಲಾಡಿಸಿ ಅಜೀರ್ಣ ಆಗಿದೆ ಎಂದ. ಸೊಪ್ಪುಸದೆ ಹಾಕಬಹುದು, ಆದರೆ ಕೊಚ್ಚಿ, ನೆನೆಸಿ, ಸಗಣಿಯ ಜೊತೆ ಸ್ವಲ್ಪ ಸ್ವಲ್ಪವೇ ಹಾಕಬೇಕು ಎಂದು ತಿಳಿಸಿದ. ಹೋಗುವಾಗ ಅಪ್ಪನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಇನ್ನೊಂದು ಮಾತು ಹೇಳಿದ. ನಾನು ಕುರಿಮರಿ ಹಿಡಿದುಕೊಂಡು ಬೇಲಿಯ ಈಚೆಗಿದ್ದೆ.

"ಕಕ್ಕಸು ಕಟ್ಟಿ ಅದ್ರ ಪೈಪನ್ನ ಇದಕ್ಕೇ ಬುಟ್ಬುಡಿ. ಎಷ್ಟೋ ಕಡೆ ಹಂಗೇ ಮಾಡವ್ರೆ. ಬೆಂಕಿಗೆ ಯಾವ್ ಮೈಲಿಗೆ ಯಜಮಾನ್ರೇ?"

ಅಪ್ಪ ಬೇಲಿಯ ಮುಳ್ಳುಗಳನ್ನು ಒಂದೊಂದಾಗಿ ಉಗುರಿನಿಂದ ಮುರಿದ.

ಬೇಸಿಗೆಯಲ್ಲಿ ಹಿತ್ತಲ ಮೂಲೆಯಲ್ಲಿ ಕಕ್ಕಸು ಎದ್ದಿತು. ನಮ್ಮ ಬೀದಿಗೆ ಅದೇ ಮೊದಲನೆಯದು. ಅಜ್ಜಿಯ ಮಂಡಿನೋವಿಗಾಗಿ ಕಟ್ಟಿಸಿದೆ ಎಂದು ಅಪ್ಪ ಎಲ್ಲರಿಗೂ ಹೇಳಿದ. ಅದು ನಿಜವೂ ಆಗಿತ್ತು. ಬೆಳಗಿನ ಹೊತ್ತು ಅಜ್ಜಿ ಹೊಲದ ಕಡೆ ಹೋಗಲು ಗೋಡೆ ಹಿಡಿದು ನಡೆಯುತ್ತಿದ್ದಳು. ಬಿಸಿಲೇರಿದ ಮೇಲೆ ಅವಳು ಕುರಿ ಹೊಡೆದುಕೊಂಡು ಹೋದಾಗ, ಎರಡು ಹಗಲಿನಲ್ಲಿ ಅಪ್ಪನೂ ಮೇಸ್ತ್ರಿಯೂ ಕಾಲುವೆ ತೋಡಿ ಪೈಪು ಹಾಕಿ ಮಣ್ಣು ಮುಚ್ಚಿದರು. ನನಗೆ ಶಾಲೆಗೆ ರಜೆ. ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಸೇರಿತು ಎಂಬುದನ್ನು ನಾನು ಪೂರ್ತಿ ನೋಡಿದೆ. ಅಪ್ಪ ಕೈ ತೊಳೆಯುತ್ತ ನನ್ನನ್ನು ಕರೆದ.

"ಭಾಗ್ಯ, ಇದ್ನ ಅಜ್ಜಿಗೆ ಹೇಳ್ಬ್ಯಾಡ ಕಣವ್ವ."

"ಯಾಕಪ್ಪಾ? ತಪ್ಪಾ?"

"ತಪ್ಪೇನಲ್ಲ."

"ಮತ್ಯಾಕೆ ಹೇಳ್ಬಾರ್ದು?"

ಅಪ್ಪ ನನ್ನ ತಲೆಯ ಮೇಲೆ ಒದ್ದೆ ಕೈಯಿಟ್ಟು, ಗುದ್ದಲಿ ತೆಗೆದಿಡಲು ಹೋದ. ನಾನು ಅಮ್ಮನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಗ್ಯಾಸು ಚೆನ್ನಾಗಿ ಬತ್ತಾ ಐತಲ್ಲ, ಸುಮ್ಕಿರು," ಎಂದಳು. ನಿಜಕ್ಕೂ ಚೆನ್ನಾಗಿ ಬರುತ್ತಿತ್ತು. ಬಗ್ಗಡ ಬಿಟ್ಟ ಹಿಪ್ಪುನೇರಳೆ ತೋಟ ಕಪ್ಪಗಿನ ಹಸಿರಾಗಿ ಎದ್ದಿತು. ಆ ಸೊಪ್ಪು ತಿಂದ ಹುಳು ದಪ್ಪ ಗೂಡು ಕಟ್ಟಿತು, ರಾಮನಗರದ ಮಾರುಕಟ್ಟೆಯಿಂದ ಅಪ್ಪ ನಗುತ್ತ ಬಂದ. ಎಲ್ಲವೂ ಒಳ್ಳೆಯದೇ ಆಗುತ್ತಿತ್ತು. ಆದರೆ ಅದನ್ನು ಅಜ್ಜಿಗೆ ಹೇಳುವಂತಿರಲಿಲ್ಲ.

ಅಜ್ಜಿ ಸೌದೆ ಒಲೆಯನ್ನೇ ನೆಚ್ಚಿಕೊಂಡಿದ್ದಷ್ಟು ದಿನ ಗುಟ್ಟು ನನಗೆ ಅಷ್ಟು ಭಾರವಾಗಲಿಲ್ಲ. ಆದರೆ ಮಳೆಗಾಲದ ಕೊನೆಗೆ ಅವಳ ಕಣ್ಣಿಗೆ ಪೊರೆ ಬಂದು ರಾಮನಗರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಒಂದು ತಿಂಗಳು ಹೊಗೆ ಸೋಕಬಾರದು, ಬಗ್ಗಿ ಒಲೆ ಊದಬಾರದು ಎಂದರು ಡಾಕ್ಟರು. ಕಪ್ಪು ಕನ್ನಡಕ ಹಾಕಿಕೊಂಡು ಬಂದ ಅಜ್ಜಿ ಮೊದಲ ದಿನ ಬಾಳೆಹಣ್ಣು ತಿಂದು ಮಲಗಿದಳು. ಎರಡನೆಯ ದಿನ ಮಂಡಕ್ಕಿ. ಮೂರನೆಯ ದಿನ ಅಮ್ಮ ಮುದ್ದೆ, ಹುರುಳಿ ಬಸ್ಸಾರು ಎದುರಿಗಿಟ್ಟು, "ಔಷಧಿ ಅಂದ್ಕಂಡು ಉಣ್ಣಿ ಅತ್ತೆ," ಎಂದಳು. ಅಜ್ಜಿ ಕೈಮುಗಿದು ತಟ್ಟೆ ಎಳೆದುಕೊಂಡಳು. ಅಮ್ಮ ಒಳಗೆ ಹೋಗಿ ಅಪ್ಪನ ತೋಳು ಹಿಡಿದು ಮೆಲ್ಲಗೆ ಅಲುಗಿಸಿದಳು. ಇಬ್ಬರೂ ಮದುವೆಯ ದಿನದವರಂತೆ ನಗುತ್ತಿದ್ದರು. ನಾನು ಮಾತ್ರ ಅಜ್ಜಿಯ ತಟ್ಟೆಯ ಕಡೆ ನೋಡದೆ ಕೂತೆ.

ಆಮೇಲೆ ಅಜ್ಜಿಗೆ ಆ ಒಲೆ ಹಿಡಿಸಿಬಿಟ್ಟಿತು. ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ತಿರುಪು ತಿರುಗಿಸಿ ಬೆಂಕಿ ಹೆಚ್ಚು ಮಾಡುವುದು, ಕಡಿಮೆ ಮಾಡುವುದು. "ಹೊಗೆ ಇದ್ರೆ ಯಾರ್ಗೂ ತಿಳೀದಂಗೆ ಅಳ್ಬೋದಿತ್ತು ಕಣಮ್ಮಿ, ಈಗ ಅದೊಂದು ಇಲ್ಲ," ಎಂದು ಅಮ್ಮನ ಜೊತೆ ತಮಾಷೆ ಮಾಡಿದಳು. ಅತ್ತೆ ಸೊಸೆ ಒಟ್ಟಿಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡ ನೆನಪಿಲ್ಲ. ಮನೆ ಇಷ್ಟು ಚೆನ್ನಾಗಿರುವುದು ಒಂದು ಸುಳ್ಳಿನಿಂದಲೋ, ಒಂದು ಪೈಪಿನಿಂದಲೋ, ಅಥವಾ ಅಜ್ಜಿಯ ಕಣ್ಣಿನಿಂದಲೋ ನನಗೆ ಬಗೆಹರಿಯಲಿಲ್ಲ. ಅವಳು ಪ್ರತಿ ತುತ್ತಿಗೂ ನನ್ನನ್ನು ನೋಡಿ ನಗುವಾಗ ನಾನು ತಟ್ಟೆಯೊಳಗೆ ಮುಖ ಹಾಕುತ್ತಿದ್ದೆ. ಎರಡು ಸಲ ಜ್ವರ ಬಂತು. ದೃಷ್ಟಿಯಾಗಿದೆ ಎಂದು ಅಜ್ಜಿಯೇ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಹಿತ್ತಲ ಒಲೆಯಲ್ಲಿ ಹಾಕಲು ಹೋದವಳು ಹೊಗೆಯ ನೆನಪಾಗಿ ಗ್ಯಾಸಿನ ಒಲೆಗೇ ಹಾಕಿದಳು.

ಅಷ್ಟರಲ್ಲಿ ಹಿರಿಯರ ಹಬ್ಬ ಬಂತು. ಸತ್ತವರು ಮನೆಗೆ ಬಂದು ಉಣ್ಣುವ ದಿನ. ತಾತನಿಗೆ ಹೊಸ ಪಂಚೆ, ಒಂದು ಕಟ್ಟು ಬೀಡಿ, ಮರಿಯ ಮಾಂಸದ ಸಾರು, ಮತ್ತೆ ಕಜ್ಜಾಯ. ಕಬ್ಬಾಳಿಗೆ ಕೊಟ್ಟಿದ್ದ ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಮಾವನ ಜೊತೆ ಹಿಂದಿನ ದಿನವೇ ಬಂದಿದ್ದಳು. ಅವರ ಮನೆ ಕಬ್ಬಾಳಮ್ಮನ ಗುಡಿಗೆ ಹತ್ತಿರ, ನೇಮ ಬಹಳ. ನಮ್ಮ ಕಕ್ಕಸನ್ನು ನೋಡಿಯೇ ಅವಳು ಮೂಗು ಮುರಿದಿದ್ದಳು. ಬೆಳಿಗ್ಗೆ ಅಪ್ಪ ಮತ್ತು ಮಾವ ಹಿತ್ತಲಲ್ಲಿ ಮರಿ ಕೊಯ್ದು, ಮೂರು ಕಲ್ಲಿನ ಮೇಲೆ ದೊಡ್ಡ ಪಾತ್ರೆ ಇಟ್ಟರು. ಅಜ್ಜಿ ತಲೆಗೆ ನೀರು ಹಾಕಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡೇ ಅಡುಗೆಮನೆಗೆ ಬಂದಳು.

"ನಿಮ್ಮ ತಾತಂಗೆ ಕಜ್ಜಾಯ ನನ್ನ ಕೈನಾಗೇ ಆಗ್ಬೇಕು. ಈ ವರ್ಸ ಈ ಒಲೇಲೇ ಮಾಡ್ತೀನಿ. ಅವನೂ ನೋಡ್ಲಿ."

ಎಣ್ಣೆ ಕಾಯುತ್ತಿತ್ತು. ಅಜ್ಜಿ ಹಿಟ್ಟಿನ ಉಂಡೆಯನ್ನು ಎಲೆಯ ಮೇಲೆ ತಟ್ಟಿ, ಕಣ್ಣು ಮುಚ್ಚಿ, ತಾತನ ಹೆಸರು ಹೇಳದೆ ಅವನನ್ನು ನೆನೆದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನಾವು ಬದುಕಿರುವವರು ಏನೋ ಉಂಡು ಅರಗಿಸಿಕೊಂಡೆವು, ಸತ್ತವರಿಗೆ ಹೊಟ್ಟೆಯಿಲ್ಲ, ಅವರು ಏನು ಮಾಡುತ್ತಾರೆ? ತಾತ ಎಡೆಯ ಹತ್ತಿರ ಬಂದು, ವಾಸನೆ ಹಿಡಿದು, ಉಣ್ಣದೆ ತಿರುಗಿ ಹೋದರೆ? ಮಾತು ನನ್ನನ್ನು ಕೇಳದೆ ಹೊರಗೆ ಬಂತು.

"ಅಜ್ಜಿ, ಅದ್ರ ಮ್ಯಾಲೆ ಮಾಡ್ಬ್ಯಾಡ. ಕಕ್ಕಸಿನ ಪೈಪು ಅದೇ ಗುಂಡಿಗೆ ಐತೆ."

ಅಮ್ಮನ ಕೈಯಿಂದ ಸೌಟು ಬಿತ್ತು. ಕಬ್ಬಾಳಿನ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಸರಿದಳು. ಅಜ್ಜಿ ಎಲೆಯನ್ನು ಕೆಳಗಿಡಲಿಲ್ಲ. ಹಿತ್ತಲ ಬಾಗಿಲ ಕಡೆ ತಿರುಗಿ ಅಪ್ಪನನ್ನು ಕರೆದಳು.

"ಶಿವಾ, ಬಾ ಇಲ್ಲಿ."

ಅಪ್ಪ ಮಾಂಸ ತೊಳೆಯುತ್ತಿದ್ದ ಕೈಯಲ್ಲೇ ಬಂದ. ಅವನ ಹಿಂದೆ ಮಾವ.

"ಮಗು ಹಿಂಗಂತದೆ. ಕಕ್ಕಸ್ನ ಪೈಪು ಗ್ಯಾಸಿನ ಗುಂಡಿಗೆ ಐತಂತೆ. ದಿಟವೇನ್ಲಾ?"

ಅಪ್ಪ ನನ್ನನ್ನು ನೋಡಿದ. ಆಮೇಲೆ ನೆಲ ನೋಡಿದ.

"ಇಲ್ಲ ಕಣವ್ವ. ಅದಕ್ಕೆ ಬ್ಯಾರೆ ಗುಂಡಿ ತೋಡಿದ್ದೀನಿ. ಮಕ್ಕಳು ಏನೋ ಅಂತವೆ."

ಅಜ್ಜಿ ಅಮ್ಮನ ಕಡೆ ತಿರುಗಿದಳು. "ನೀನ್ ಯೋಳಮ್ಮಿ."

"ಅವಳಿಗೇನ್ ಗೊತ್ತಾಯ್ತದೆ ಅತ್ತೆ, ಚಿಕ್ಕ ಮಗು," ಎಂದಳು ಅಮ್ಮ. ಸೌಟು ಎತ್ತಿಕೊಳ್ಳಲು ಬಗ್ಗಿದವಳು ಬಗ್ಗಿಯೇ ಇದ್ದಳು.

ಎಣ್ಣೆಯಿಂದ ಹೊಗೆ ಏಳತೊಡಗಿತು. ಅಜ್ಜಿ ತಿರುಪು ತಿರುಗಿಸಿ ಬೆಂಕಿ ಕಡಿಮೆ ಮಾಡಿದಳು. ಮತ್ತೆ ನನ್ನ ಕಡೆ ನೋಡಿದಳು. ಕಪ್ಪು ಕನ್ನಡಕದ ಹಿಂದೆ ಕಣ್ಣು ಕಾಣಲಿಲ್ಲ.

"ಹಿರೀಕರ ಹಬ್ಬದ ದಿನ ಸುಳ್ ಯೋಳ್ತೀಯೇನೇ? ಸುಳ್ಳಿ! ನಡಿ, ಆಚೆ ಕೂತ್ಕ."

ಕಜ್ಜಾಯ ಎಣ್ಣೆಗೆ ಬಿದ್ದ ಸದ್ದು ನನ್ನ ಬೆನ್ನ ಹಿಂದೆ ಕೇಳಿತು.

ನಾನು ನೇರವಾಗಿ ಹಿತ್ತಲಿಗೆ ಹೋಗಿ ಕಕ್ಕಸಿನ ಹಿಂದೆ ನಿಂತೆ. ಮಳೆಗೆ ಹುಲ್ಲು ಬೆಳೆದು ಕಾಲುವೆಯ ಗುರುತೇ ಇರಲಿಲ್ಲ. ಪೈಪು ಇಲ್ಲಿಂದ ಹೋಗಿತ್ತಲ್ಲವೇ? ಅಥವಾ ಈ ಕಡೆ ತಿರುಗಿತ್ತೋ? ಅಪ್ಪ ನನಗೆ ಹೇಳಬೇಡ ಎಂದದ್ದು ಇದನ್ನೋ, ಬೇರೆ ಯಾವುದನ್ನೋ? ನಾನು ಕಾಲಿನಿಂದ ಮಣ್ಣು ಕೆರೆದೆ, ಏನೂ ಸಿಗಲಿಲ್ಲ. ಒಬ್ಬರಲ್ಲ, ಇಬ್ಬರು ಇಲ್ಲ ಎಂದಿದ್ದರು. ಅಪ್ಪ ಯಾವತ್ತೂ ಸುಳ್ಳು ಹೇಳಿದವನಲ್ಲ. ಹಾಗಾದರೆ ನಾನೇ ಕನಸು ಕಂಡೆನೇನೋ, ಜ್ವರದಲ್ಲಿ ಕಂಡಿದ್ದೆನೇನೋ ಎನಿಸತೊಡಗಿತು. ಒಳಗೆ ಎಡೆ ಇಟ್ಟು, ಹಿರಿಯರು ಉಣ್ಣಲಿ ಎಂದು ಕೋಣೆಯ ಬಾಗಿಲು ಹಾಕಿದರು. ಎಲ್ಲರೂ ಪಡಸಾಲೆಯಲ್ಲಿ ಸದ್ದಿಲ್ಲದೆ ಕೂತರು. ನಾನು ಕದದ ಸಂದಿಗೆ ಕಿವಿಯಿಟ್ಟೆ. ಏನೂ ಕೇಳಲಿಲ್ಲ. ಬಾಗಿಲು ತೆರೆದ ಮೇಲೆ ನನಗೂ ಎಲೆ ಹಾಕಿದರು. ಕಜ್ಜಾಯ ಬಹಳ ಚೆನ್ನಾಗಿತ್ತು. ಮೂರು ತಿಂದೆ. ಹೊರಡುವಾಗ ಕಬ್ಬಾಳಿನ ಅತ್ತೆ, "ಈ ಮಗೀನ ನಾಲಿಗೆಗೆ ಬರೆ ಎಳೀರಿ, ಇಲ್ದಿದ್ರೆ ಮುಂದೆ ಕಷ್ಟ ಐತೆ," ಎಂದಳು. ಅಪ್ಪ ಹೂಂ ಎಂದ.

ಆಮೇಲಿನ ದಿನಗಳಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಅಮ್ಮ ತಲೆ ಬಾಚುವಾಗ ಸಿಕ್ಕು ಎಳೆಯದೆ ಮೆಲ್ಲಗೆ ಹೆಣೆದಳು. ಅಪ್ಪ ನಾನಿರುವ ಕೋಣೆಗೆ ಬಂದರೆ ಏನೋ ಮರೆತವನಂತೆ ತಿರುಗಿ ಹೋಗುತ್ತಿದ್ದ. ಅಜ್ಜಿ ಮಾತ್ರ ಮೊದಲಿನಂತೆಯೇ ಇದ್ದಳು, ಮೊದಲಿನಂತೆಯೇ ಉಂಡಳು. ಇದರಿಂದ ನಾನು ಕಂಡದ್ದರ ಮೇಲೆಯೇ ನನಗೆ ಮತ್ತಷ್ಟು ಅನುಮಾನವಾಯಿತು. ಆರನೆಯ ದಿನ ಊಟದ ಹೊತ್ತಿನಲ್ಲಿ ಅವಳು ಸಾರು ಕಲಸಿಕೊಳ್ಳುತ್ತ ಹೇಳಿದಳು:

"ಶಿವಾ, ಇವತ್ತಿಂದ ನನ್ನ ಕುರಿ ಹಿಕ್ಕೇನೂ ಗುಂಡಿಗೆ ಹಾಕ್ಕಳ್ಳಪ್ಪ. ರಾತ್ರಿ ನೆನೆ ಹಾಕಿದ್ರೆ ಬೆಳಿಗ್ಗೆಗೆ ಮೆತ್ತಗಾಯ್ತದೆ."

ಅಪ್ಪನ ತುತ್ತು ಕೈಯಲ್ಲೇ ನಿಂತಿತು. "ನಿನ್ನ ರಾಗಿಗೆ ಕಣವ್ವ?"

"ಬಗ್ಗಡ ಹಾಕ್ತೀನಿ. ಹಸೀನ ಸಗಣಿ ಐತೆ, ಹಿಕ್ಕೆ ಐತೆ, ಕೊಚ್ಚಿದ ಸೊಪ್ಪು ಐತೆ. ಅಷ್ಟು ಸಾಕು ಅದಕ್ಕೆ. ಬ್ಯಾರೆ ಏನೂ ಬ್ಯಾಡ."

ಬೇರೆ ಏನೂ ಎನ್ನುವಾಗ ಅವಳು ಯಾರನ್ನೂ ನೋಡಲಿಲ್ಲ. ಅಪ್ಪ ತಲೆ ತಗ್ಗಿಸಿ ಆಯಿತು ಎಂದ.

ಮರುದಿನ ಅಪ್ಪ ಒಬ್ಬನೇ ಗುದ್ದಲಿ ಹಿಡಿದು ಕಕ್ಕಸಿನ ಹಿಂದೆ ಅಗೆದ. ನಾನು ಹೋಗಿ ನೋಡಿದೆ. ಪೈಪು ಇತ್ತು. ನಾನು ನೋಡಿದ್ದ ಜಾಗದಲ್ಲೇ, ನಾನು ನೋಡಿದ್ದ ಹಾಗೇ ಇತ್ತು. ಜಿಗಿಯಬೇಕೆನಿಸಿತು, ಅಳು ಬಂತು, ಎರಡರಲ್ಲಿ ಯಾವುದು ಮೊದಲು ಎಂದು ಹೇಳಲಾರೆ. ಅಪ್ಪ ಪೈಪನ್ನು ಎಳೆದು ತೆಗೆದು ತೊಳೆದು, ಬೇಲಿಯಾಚೆ ಬೆಳಿಗ್ಗೆಯೇ ತೋಡಿದ್ದ ಹೊಸ ಗುಂಡಿಯ ಕಡೆ ತೋರಿಸಿದ. "ಆ ಕಡೆ ಹಿಡ್ಕ," ಎಂದ. ಅವನು ಒಂದು ತುದಿ, ನಾನು ಒಂದು ತುದಿ. ದಾರಿಯ ನಡುವೆ ಅವನು ನಿಂತ. ನನ್ನ ಕಡೆ ತಿರುಗಿ, "ಒಸಿ ಎತ್ತಿ ಹಿಡ್ಕಳವ್ವ, ನೆಲಕ್ಕೆ ತಾಗ್ತದೆ," ಎಂದಷ್ಟೇ ಹೇಳಿದ. ನಾನು ಎತ್ತಿ ಹಿಡಿದೆ.

ಈಗ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಪಕ್ಕದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಜೈವಿಕ ಅನಿಲದ ಪಾಠ ಬಂದಾಗ ಪ್ರತಿ ವರ್ಷ ಯಾವುದಾದರೊಂದು ಮಗು ಮೂಗು ಮುಚ್ಚಿಕೊಂಡು, ಅದರಲ್ಲಿ ಅಡುಗೆ ಮಾಡಿದರೆ ಉಣ್ಣಬಹುದಾ ಮಿಸ್ ಎಂದು ಕೇಳುತ್ತದೆ. ಉಣ್ಣಬಹುದು, ಉರಿಯುವ ಅನಿಲಕ್ಕೆ ಎಲ್ಲಿಂದ ಬಂತು ಎಂಬ ಗುರುತಿಲ್ಲ ಎಂದು ಉತ್ತರಿಸುತ್ತೇನೆ. ಪುಸ್ತಕ ನನ್ನ ಕಡೆಗಿದೆ. ಅಪ್ಪ ಮಾಡಿದ್ದರಲ್ಲಿ ಕೊಳಕು ಇರಲಿಲ್ಲ ಎಂದು ಪಾಠವಾಗಿ ನನಗೆ ಗೊತ್ತು. ಆದರೂ, ತಿಳಿಯದವಳಿಗೆ ತಿಳಿಸದೆ ಉಣಿಸಿದ್ದು ಏನಾಗಿತ್ತು, ಗೊತ್ತಿದ್ದೂ ನಾನು ಮೂರು ಕಜ್ಜಾಯ ತಿಂದದ್ದು ಏನಾಗಿತ್ತು ಎಂದು ಯೋಚಿಸಿದರೆ ಒಂಬತ್ತು ವರ್ಷದವಳಷ್ಟೇ ಗೊಂದಲ ಈಗಲೂ ಆಗುತ್ತದೆ.

ಪೈಪು ತೆಗೆದ ನಂತರದ ಭಾನುವಾರ ಅಜ್ಜಿ ನನ್ನನ್ನು ಕುರಿ ಮೇಯಿಸಲು ಕರೆದುಕೊಂಡು ಹೋದಳು. ಕೊಯ್ದ ಅಲಸಂದೆ ಹೊಲದಲ್ಲಿ ಕುರಿಗಳನ್ನು ಬಿಟ್ಟು, ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ನಾನೇ ಕೇಳಿದೆ.

"ಅಜ್ಜಿ, ತಾತ ಅವತ್ತು ಉಂಡ್ನಾ?"

"ಉಂಡಿರ್ತಾನೆ ಬುಡು. ಬದುಕಿದ್ದಾಗ ಹಸಿವು ಅಂದ್ರೆ ಏನ್ ಇಕ್ಕಿದ್ರೂ ಉಣ್ಣೋನು."

"ನಿಂಗೆ ಗೊತ್ತಿತ್ತಾ?"

"ನಿಮ್ಮಪ್ಪ ನೆಲ ನೋಡ್ದಾಗ ಗೊತ್ತಾಯ್ತು."

"ಗೊತ್ತಿದ್ದೂ ಎಡೆ ಇಕ್ಕಿದ್ಯಾ? ನೀನೂ ಉಂಡ್ಯಾ?"

"ಉಂಡೆ. ನನ್ನ ಮಗಳು ಅಲ್ಲೇ ನಿಂತಿದ್ಲು, ಅಳಿಯ ನಿಂತಿದ್ದ. ಅವರ ಮುಂದೆ ನನ್ನ ಮಗನ ಮುಖ ಏನಾಗ್ಬೇಕು ಯೋಳು. ಕಬ್ಬಾಳಿಂದ ಆಮ್ಯಾಕೆ ಯಾರ್ ಬಂದು ನಮ್ಮನೇಲಿ ನೀರ್ ಕುಡೀತಿದ್ರು?"

ಒಂದು ಕುರಿ ಪಕ್ಕದ ರಾಗಿಗೆ ಬಾಯಿ ಹಾಕಿತು. ಅಜ್ಜಿ ಹೇ ಎಂದು ಕಲ್ಲೆಸೆದಳು.

"ಮತ್ತೆ ನನ್ನ ಯಾಕೆ ಸುಳ್ಳಿ ಅಂದೆ?"

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಆಪರೇಷನ್ ಆದ ಕಣ್ಣು ಇನ್ನೂ ಕೆಂಪಗಿತ್ತು. ಅದರಿಂದಲೇ ನನ್ನನ್ನು ನೋಡಿದಳು.

"ನೀನು ಚಿಕ್ಕೋಳು ಕಣಮ್ಮಿ," ಎಂದಳು. "ಮರ್ತೋಗ್ತೀಯ ಅಂದ್ಕಂಡೆ."